ವ್ಯಾಟ್ ಆಮೇಲೆ, ಮೊದಲು ಮುಚ್ಚಳ ತೆಗೆಸಿ

ಹಳೆಯ ಸ್ಟೀರಿಯೋ ಪವರ್ ಆಂಪ್ಲಿಫೈಯರ್ ಒಂದನ್ನು ಹುಡುಕುತ್ತಿದ್ದೇನೆ ಎಂದರೆ ಸಾಹಿತ್ಯದ ಗೆಳೆಯರು ಎರಡು ಬಗೆಯಲ್ಲಿ ನಗುತ್ತಾರೆ. ‘ಸಂಗೀತಕ್ಕೆ ಬೇಕಾದದ್ದು ಹೃದಯ, ಯಂತ್ರ ಯಾಕೆ?’ ಎನ್ನುವವರು ಕೆಲವರು. ‘ತಗೊಳ್ಳೋದಾದ್ರೆ ಹೊಸದು ತಗೋ ಮಾರಾಯ, ಸಾವಿರ ವ್ಯಾಟಿಂದೇ ಅಗ್ಗಕ್ಕೆ ಸಿಗುತ್ತೆ’ ಎನ್ನುವವರು ಉಳಿದವರು. ಈ ಎರಡೂ ಮಾತು ತಪ್ಪು ಎಂಬುದು ನನ್ನ ವಾದ. ಬಾಡಿಗೆ ಕೋಣೆಯಲ್ಲಿ ಫೆಲೋಶಿಪ್ಪಿನ ದುಡ್ಡಿನಲ್ಲಿ ಬದುಕುತ್ತ, ಸಂಗೀತವನ್ನು ನೆಟ್ಟಗೆ ಕೇಳಬೇಕೆನ್ನುವವರಿಗೆ ರಿಪೇರಿಯಾಗಬಲ್ಲ ಹಳೆಯ ಆಂಪ್ಲಿಫೈಯರ್‌ಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುತ್ತಿಲ್ಲ.

ಮೊದಲು ಹೃದಯದವರ ವಿಚಾರ. ನನ್ನ ಸಂಶೋಧನೆ ವಚನ ಗಾಯನದ ಮೇಲೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ವಚನಗಳ ಹಳೆಯ ಧ್ವನಿಮುದ್ರಣಗಳನ್ನು ದಿನಗಟ್ಟಲೆ ಕೇಳುವುದು ನನ್ನ ಕೆಲಸವೇ ಆಗಿದೆ. ಅವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಕಿದರೆ ತಂಬೂರಿಯ ಖರ್ಜದ ತಂತಿ ತೆಳುವಾಗುತ್ತದೆ, ಡಗ್ಗಾದ ಗುಮುಕು ಹೆಚ್ಚುಕಡಿಮೆ ಮಾಯವಾಗುತ್ತದೆ. ಹಾಡುವವರು ಯಾವ ನೆಲದ ಮೇಲೆ ನಿಂತು ಹಾಡುತ್ತಿದ್ದಾರೋ ಆ ನೆಲವೇ ಕಾಣೆ. ಹಳಗನ್ನಡ ಪದ್ಯವೊಂದರ ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಜಗಳವಾಡುವ ನಾವು, ಮಂದ್ರವೇ ಅಳಿಸಿಹೋದ ಪಾಠವನ್ನು ‘ಭಾವ ಮುಖ್ಯ’ ಎಂದು ಒಪ್ಪಿಕೊಂಡು ಬಿಡುತ್ತೇವೆ. ಇದು ರಸಿಕತೆಯಲ್ಲ, ಸೋಮಾರಿತನ. ಭಾವ ಕಿವಿಯ ಮೂಲಕವೇ ಒಳಗೆ ಬರಬೇಕು.

ಇನ್ನು ವ್ಯಾಟಿನವರು. ಪವರ್ ಆಂಪ್ಲಿಫೈಯರ್ ಮಾಡುವ ಕೆಲಸ ಒಂದೇ: ಸಣ್ಣ ವಿದ್ಯುತ್ ಸಂಕೇತಕ್ಕೆ ಸ್ಪೀಕರಿನ ಕಾಗದದ ಶಂಕುವನ್ನು ತಳ್ಳುವಷ್ಟು ಬಲ ಕೊಡುವುದು. ಆ ಬಲ ಎಷ್ಟು ಬೇಕು? ಮನೆಯ ಸಾಮಾನ್ಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಸದ್ದು ಬರುತ್ತದೆ. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು 60. ಅಂದರೆ ಹತ್ತಡಿ ಕೋಣೆಯಲ್ಲಿ ನಾವು ಹೆಚ್ಚಿನ ಹೊತ್ತು ಕೇಳುವುದು ಒಂದು ವ್ಯಾಟಿನ ಒಳಗೇ. ಉಳಿದದ್ದು ತಬಲಾದ ಪೆಟ್ಟು, ತಾನಿನ ಏರು ಬಂದಾಗ ಬೇಕಾಗುವ ಮೀಸಲು. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 40ರದ್ದೋ 60ರದ್ದೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. 1978ರಲ್ಲಿ ಬಂದ ನ್ಯಾಡ್ 3020 ಎಂಬ ಆಂಪ್ಲಿಫೈಯರ್ ಹೇಳಿಕೊಂಡದ್ದು ಚಾನೆಲ್ಲಿಗೆ ಬರೀ 20 ವ್ಯಾಟ್. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ‘ಪಿಎಂಪಿಒ’ ಸಂಖ್ಯೆಯಂತೂ ಜಾಹೀರಾತಿನ ಕಾವ್ಯ. ಯಾವ ಒಪ್ಪಿತ ಅಳತೆಯೂ ಅದರ ಹಿಂದಿಲ್ಲ. ಅಮೆರಿಕದಲ್ಲಿ ಇಂಥ ಉಬ್ಬಿಸಿದ ಲೆಕ್ಕಕ್ಕೆ ಕಡಿವಾಣ ಹಾಕಲು 1974ರಲ್ಲೇ ಸರ್ಕಾರಿ ನಿಯಮ ಬಂತು. ಎಡೆಬಿಡದೆ ಕೊಡಬಲ್ಲ ಸರಾಸರಿ ಶಕ್ತಿಯನ್ನೇ ಹೇಳಬೇಕೆಂದಾಯಿತು. ನಮ್ಮ ಅಂಗಡಿಗಳಲ್ಲಿ ಆ ಕಾವ್ಯಕ್ಕೆ ಇನ್ನೂ ಓದುಗರಿದ್ದಾರೆ.

ಮೂರನೆಯ ಪಂಗಡವೂ ಒಂದಿದೆ: ಬಂಗಾರದ ಕಿವಿಯವರು. ವಾಲ್ವಿನ ದನಿ ‘ಬೆಚ್ಚಗೆ’, ಇಂಥ ಬ್ರ್ಯಾಂಡಿನದು ‘ರೇಷ್ಮೆ’ ಎಂದು ಲಕ್ಷಗಟ್ಟಲೆ ಸುರಿಯುವವರು. 1987ರ ಜನವರಿಯಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ಒಂದು ಪರೀಕ್ಷೆಯ ಫಲಿತಾಂಶ ಅಚ್ಚುಹಾಕಿತು. ಬೆಲೆಯಲ್ಲಿ ಅಜಗಜಾಂತರವಿದ್ದ ಆಂಪ್ಲಿಫೈಯರ್‌ಗಳನ್ನು ಸದ್ದಿನ ಮಟ್ಟ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದ ಪರೀಕ್ಷೆ ಅದು. ಕೇಳುಗರ ಊಹೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಿರಲಿಲ್ಲ. ನೆಟ್ಟಗಿರುವ ಆಂಪ್ಲಿಫೈಯರ್, ಅದರ ಮಿತಿಯೊಳಗೆ, ಇನ್ನೊಂದು ನೆಟ್ಟಗಿರುವ ಆಂಪ್ಲಿಫೈಯರ್‌ನಂತೆಯೇ ಕೇಳಿಸುತ್ತದೆ. ಹಾಗಾದರೆ ಹಳೆಯದನ್ನು ಕೊಳ್ಳುವವರ ಮುಂದಿರುವುದು ಒಂದೇ ಪ್ರಶ್ನೆ: ಇದು ನೆಟ್ಟಗಿದೆಯೇ, ಇಲ್ಲದಿದ್ದರೆ ಇಲ್ಲಿ ಯಾರಾದರೂ ನೆಟ್ಟಗೆ ಮಾಡಬಲ್ಲರೇ?

ನಾನು ಈ ಪಾಠ ಕಲಿತದ್ದು ಹುಬ್ಬಳ್ಳಿಯ ಒಬ್ಬ ರಿಪೇರಿಯವರಿಂದ. ಯಾವ ಸೆಟ್ ತೋರಿಸಿದರೂ ಅವರದು ಒಂದೇ ಮಾತು: “ವ್ಯಾಟ್ ಆಮ್ಯಾಲೆ ನೋಡೂಣ್ರೀ ಸರ, ಮದಲ ಮುಚ್ಚಳಾ ತಗಸ್ರಿ.” ಮುಚ್ಚಳ ತೆಗೆದರೆ ಯಂತ್ರದ ಜಾತಕ ಕಾಣುತ್ತದೆ. ಡಬ್ಬಿಯಾಕಾರದ ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಸೋರಿದೆಯೇ? ಇಪ್ಪತ್ತು ಮೂವತ್ತು ವರ್ಷಕ್ಕೆ ಅವು ಒಣಗುತ್ತವೆ. ಆಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೇಳುತ್ತದೆ. ಯಾರೋ ಅಡ್ಡಾದಿಡ್ಡಿ ಬೆಸುಗೆ ಹಾಕಿದ್ದಾರೆಯೇ? ಸುಟ್ಟ ಕಲೆ ಇದೆಯೇ? ಮೊದಲ ಸಲ ಕರೆಂಟು ಕೊಡುವಾಗ ಅವರು ಸಾಲಿನಲ್ಲಿ ಒಂದು ಹಳೆಯ ಕಾಲದ ತಂತಿ ಬಲ್ಬು ಸೇರಿಸುತ್ತಾರೆ. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಸರಿ, ಧಗಧಗ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಆಮೇಲೆ ಸ್ಪೀಕರ್ ಜೋಡಿಸುವ ಮುನ್ನವೇ, ಹಾಡೇನೂ ಹಾಕದೆ, ಅದರ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜ್ ಅಳೆಯುತ್ತಾರೆ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಟ್ಟಲೆ ಇದ್ದರೆ ನಿಮ್ಮ ಸ್ಪೀಕರ್ ಸುಟ್ಟಿತೆಂದೇ ಲೆಕ್ಕ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಹೆಚ್ಚಿನ ಸಲ ಬರೀ ಧೂಳು. ಸ್ಪ್ರೇ ಹೊಡೆದರೆ ಹೋಗುತ್ತದೆ, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ.

ಹಿಂಬದಿಯ ಬರಹ ಓದುವುದನ್ನೂ ಮರೆಯಬಾರದು. ಜಪಾನಿನ ಮನೆಗಳಿಗೆಂದು ಮಾಡಿದ್ದಾದರೆ 100 ವೋಲ್ಟ್, ಅಮೆರಿಕದ್ದಾದರೆ 120. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆಯೇ ಗತಿ. 8 ಓಮಿನ ಸ್ಪೀಕರಿಗಷ್ಟೇ ಎಂದು ಬರೆದಿದ್ದರೆ 4 ಓಮಿನದು ಜೋಡಿಸಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಮುಚ್ಚಳ ತೆಗೆಸಿ ನೋಡಿ, ಬೆರಳು ಮಾತ್ರ ಹಾಕಬೇಡಿ.

‘ಹಳೆಯದು ಯಾವಾಗ ಕೈಕೊಡುತ್ತದೋ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೈಕೊಡುತ್ತದೆ. ನನ್ನ ಸೋನೋಡೈನ್‌ಗೆ ಆರೂವರೆ ಸಾವಿರ ಕೊಟ್ಟ ಮೇಲೆ ಕೆಪಾಸಿಟರ್ ಬದಲಿಸಲು ಮತ್ತೆ ಹನ್ನೆರಡು ನೂರು ಹೋಯಿತು. ನಕಲಿ ಟ್ರಾನ್ಸಿಸ್ಟರ್‌ಗಳ ಕಾಟವೂ ಇದೆ. ಆದರೆ ಆ ಕಾಲದ ಸೆಟ್‌ಗಳಲ್ಲಿ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕಳಚಲು ಬರುತ್ತದೆ. ಅಗ್ಗದ ಹೊಸ ಸೆಟ್ ಬಹುಮಟ್ಟಿಗೆ ಒಂದೇ ಬೋರ್ಡು. ಒಂದು ಚಿಪ್ ಸತ್ತರೆ ಇಡೀ ಪೆಟ್ಟಿಗೆ ಕಸಕ್ಕೆ. ಹೊಸದು ಕೆಡುವುದಿಲ್ಲ ಎಂಬುದು ಭ್ರಮೆ. ಅದು ಕೆಟ್ಟಾಗ ಕರೆದುಕೊಂಡು ಹೋಗಲು ಜಾಗವಿಲ್ಲ ಎಂಬುದು ವಾಸ್ತವ.

ಇಲ್ಲಿ ಪಣಕ್ಕಿರುವುದು ನನ್ನೊಬ್ಬನ ಕೋಣೆಯ ಸುಖ ಮಾತ್ರವಲ್ಲ. ತಾಳೆಗರಿಯನ್ನು ಉಳಿಸಬಲ್ಲವರನ್ನು ನಾವು ವಿದ್ವಾಂಸರೆಂದು ಶಾಲು ಹೊದಿಸುತ್ತೇವೆ. ನಲವತ್ತು ವರ್ಷದ ಆಂಪ್ಲಿಫೈಯರ್‌ನ ಒಳಗನ್ನು ಓದಬಲ್ಲವರನ್ನು ‘ರಿಪೇರಿಯವನು’ ಎನ್ನುತ್ತೇವೆ. ಅವರ ಬೆಂಚಿನ ಮುಂದೆ ಕಲಿಯಲು ಕೂತ ಹುಡುಗರು ಈಗ ಯಾರೂ ಇಲ್ಲ. ಆ ಅಂಗಡಿ ಮುಚ್ಚಿದ ದಿನ ಊರಿನಲ್ಲಿರುವ ಅಷ್ಟೂ ಹಳೆಯ ಸೆಟ್‌ಗಳು ಒಟ್ಟಿಗೇ ಮೂಕವಾಗುತ್ತವೆ, ಮತ್ತು ನಮಗೆ ಕೊಳ್ಳುವುದು, ಎಸೆಯುವುದು ಎರಡೇ ಉಳಿಯುತ್ತದೆ.

ಆದ್ದರಿಂದ, ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಮೊದಲು ನಿಮ್ಮ ಊರಿನ ರಿಪೇರಿಯವರನ್ನು ಹುಡುಕಿ, ಆಮೇಲೆ ಆಂಪ್ಲಿಫೈಯರ್ ಹುಡುಕಿ. ನೋಡಲು ಹೋಗುವಾಗ ಅವರಿಗೆ ಹೋಗಿಬರುವ ಖರ್ಚು, ಒಂದು ಚಹಾ ಮತ್ತು ತಕ್ಕ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಮಾರುವವರು ಮುಚ್ಚಳ ತೆಗೆಯಲು ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ನಮಸ್ಕಾರ ಹೇಳಿ ಎದ್ದು ಬನ್ನಿ.