ಪೂಜೆಗ ಕೂತೋಳು ಕಾಗದದಲ್ಲಿಲ್ಲ

‘ಬಧಾಯಿ ದೋ’ ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಅಲ್ಲ ಅಂತ ನಮ್ಮ ಬೀದಿ ಹೆಂಗಸರು ತೀರ್ಪು ಕೊಟ್ಬುಟ್ಟವ್ರ. ನಾನು ಹೇಳ್ತೀನಿ, ಮನೆಮಂದಿಯೆಲ್ಲ ಕೂತು ನೋಡ್ಬೇಕಾದ್ದು ಅದನ್ನೇ. ಹೀರೋಯಿನ್ನ ಮಳೇಲಿ ನೆನೆಸಿ ಕುಣಿಸೋ ಹಾಡ ಮೊಮ್ಮಕ್ಕಳ ಜೊತೆ ನೋಡ್ತೀವಿ. ಗಂಡಸು ಸೀರೆ ಉಟ್ಕಂಡು ಬಂದ್ರ ಹೊಟ್ಟೆ ಹಿಡ್ಕಂಡು ನಗ್ತೀವಿ. ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಬಾಳಿ ಒಂದು ಕೂಸಿಗ ಆಸೆಪಟ್ರ ಮಾತ್ರ ರಿಮೋಟು ಹುಡುಕ್ತೀವಿ. ಇದ್ಯಾವ ನ್ಯಾಯ ಕಣ್ರವ್ವಾ?

ನೋಡದೇ ಇರೋರಿಗ ಕತೆ ಹೇಳ್ಬುಡ್ತೀನಿ. ಹರ್ಷವರ್ಧನ್ ಕುಲಕರ್ಣಿ ನಿರ್ದೇಶನದ ಹಿಂದಿ ಸಿನಿಮಾ, 2022ರ ಫೆಬ್ರವರಿಲಿ ಬಂದದ್ದು. ಡೆಹ್ರಾಡೂನಲ್ಲಿ ಸುಮಿ ಅಂತ ಒಬ್ಬಳು ಪಿ.ಟಿ. ಮೇಡಂ, ಶಾರ್ದೂಲ್ ಅಂತ ಒಬ್ಬ ಪೊಲೀಸು. ಅವಳಿಗ ಹೆಣ್ಣಿನ ಮೇಲ ಮನಸ್ಸು, ಅವನಿಗ ಗಂಡಿನ ಮೇಲ. ಮನೆಯವರ ಕಾಟ ತಡೀಲಾರದ ಇಬ್ಬರೂ ಹೆಸರಿಗ ಮದುವೆ ಆಗ್ತಾರ. ಆಮೇಲ ಸುಮಿ ಮೆಚ್ಚಿದ ರಿಮ್‌ಜಿಮ್ ಅದೇ ಮನೆಗ ಬಂದು ಸೇರ್ಕತಾಳ. ಅಷ್ಟರಲ್ಲಿ ನೆಂಟರದು ಶುರು: ಮಗು ಯಾವಾಗ?

ಅಲ್ಲಿ ನಗು ಬರೋದು ಆ ಹುಡುಗೀರ ಮೇಲಲ್ಲ. ಮೂಗು ತೂರಿಸೋ ನೆಂಟರ ಮೇಲ. ಅಂದ್ರ ನಮ್ಮ ಮೇಲ. ಆಷಾಢದಲ್ಲಿ ನಮ್ಮ ಚಾಮರಾಜೇಶ್ವರನ ತೇರಿಗ ಹೊಸ ಜೋಡಿಗಳು ಹಣ್ಣು ಜವನ ಎಸೆಯಾಕ ಬತ್ತಾರಲ್ಲ, ಮುಂದಿನ ತೇರಿನೊಳಗ ಮಡಿಲಲ್ಲಿ ಕೂಸಿಲ್ಲ ಅಂದ್ರ ‘ಏನವ್ವ, ಇನ್ನೂ ವಿಶೇಷ ಇಲ್ವಾ?’ ಅಂತೀವಿ. ಗುಂಡ್ಲುಪೇಟೆ ಕಡೆ ಗೋಪಾಲಸ್ವಾಮಿ ಬೆಟ್ಟಕ್ಕ ಹರಕೆ ಕಟ್ಟು ಅಂತೀವಿ. ಆ ಹೆಣ್ಣಿನ ಮನಸಲ್ಲಿ ಏನದ ಅಂತ ಒಬ್ಬರೂ ಕೇಳಲ್ಲ.

ಮಾದಪ್ಪನ ಕತೆ ಕೇಳ್ಕಂಡು ಬೆಳೆದವರು ನಾವು. ಸಂಕಮ್ಮ ಮಕ್ಕಳಿಲ್ಲ ಅನ್ನಿಸ್ಕಂಡಳು, ಗಂಡ ನೀಲೇಗೌಡನ ಅನುಮಾನಕ್ಕ ಸಿಕ್ಕಿ ಕಾಡಲ್ಲಿ ನರಳಿದಳು, ಮಾದಪ್ಪನ ವರದಲ್ಲಿ ಕಾರಯ್ಯ ಬಿಲ್ಲಯ್ಯನ ಹೆತ್ತಳು. ಕಂಸಾಳೆಯವರು ಆ ಸಾಲು ಹಾಡುವಾಗ ನಾವು ಸೆರಗಲ್ಲಿ ಕಣ್ಣೊರೆಸ್ಕಳದು ಸಂಕಮ್ಮನಿಗಾಗಿ. ಮನೆಗ ಬಂದ ಮೇಲ ನಾವೇ ನೀಲೇಗೌಡ ಆಗ್ಬುಡ್ತೀವಿ.

ಈಗ ಕಾನೂನಿನ ಮಾತು. ನನ್ನ ಓದು ಪಿಯುಸಿಗೇ ನಿಂತದ್ದು, ಆದರೂ ಇಷ್ಟು ಲೆಕ್ಕ ನನಗೂ ಗೊತ್ತಾಯ್ತದ. ದೇಶದಲ್ಲಿ ದತ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ‘ಕಾರಾ’. ಅದರ 2022ರ ನಿಯಮದ ಪ್ರಕಾರ ಒಂಟಿ ಹೆಣ್ಣು ಗಂಡುಮಗುವನ್ನಾಗಲಿ ಹೆಣ್ಣುಮಗುವನ್ನಾಗಲಿ ದತ್ತು ತಗೋಬಹುದು. ಜೋಡಿಯಾಗಿ ತಗೋಬೇಕಾದರೆ ಮದುವೆಯಾಗಿ ಎರಡು ವರ್ಷ ನೆಟ್ಟಗೆ ಬಾಳಿರಬೇಕು. ಇಬ್ಬರು ಹೆಂಗಸರಿಗ ಆ ಮದುವೆಯೇ ಇಲ್ಲವಲ್ಲ! 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಅವರ ಪ್ರೀತಿ ಅಪರಾಧ ಅಲ್ಲ ಅಂತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಮದುವೆ ಹಕ್ಕು ಕೊಡಲಿಲ್ಲ. ಜೋಡಿಯಾಗಿ ದತ್ತು ತಗೊಳ್ಳಲಿ ಅಂತ ಚಂದ್ರಚೂಡ್ ಮತ್ತು ಕೌಲ್ ಹೇಳಿದರು, ಮಿಕ್ಕ ಮೂವರು ಒಪ್ಪಲಿಲ್ಲ.

ಅಂದ್ರ ಏನಾಯ್ತು? ಒಬ್ಬಳೇ ಸಾಕ್ತೀನಿ ಅಂದ್ರ ಸರ್ಕಾರ ಕೂಸು ಕೊಡ್ತದ. ಇಬ್ಬರು ಸೇರಿ ಸಾಕ್ತೀವಿ ಅಂದ್ರ ಕೊಡಲ್ಲ. ಸಂತೇಲಿ ಸೊಪ್ಪು ಮಾರೋಳೂ ಈ ಲೆಕ್ಕಕ್ಕ ನಕ್ಕಾಳು. ಕಾಗದದ ಅವ್ವ ನಾಳೆ ಕಣ್ಣುಮುಚ್ಚಿದ್ರ, ತೊಟ್ಟಿಲು ತೂಗಿದ ಇನ್ನೊಬ್ಬ ಅವ್ವ ಕಾನೂನಿಗ ಯಾರೋ ದಾರಿಹೋಕಳು. ಅವಳು ಉಯಿಲು ಬರೆಯದೇ ಹೋದ್ರ ಅವಳ ಮನೆ ಮೇಲ ಕೂಸಿಗೂ ಹಕ್ಕಿಲ್ಲ. ಈ ಶಿಕ್ಷೆ ಆ ಹೆಂಗಸರಿಗಲ್ಲ, ಕೂಸಿಗ.

‘ಅಪ್ಪ ಇಲ್ದ ಮಗು ಹೆಂಗ ಬೆಳೀತದ?’ ಅಂತೀರಿ. ನಮ್ಮ ಕಡೆ ಗಂಡಸರು ಕೊಡಗು, ಕೇರಳ ಅಂತ ಕೂಲಿಗ ಹೋದಾಗ ಮಕ್ಕಳ ಸಾಕಿದೋರು ಯಾರು? ಅವ್ವ, ಅಜ್ಜಿ, ದೊಡ್ಡವ್ವ. ನಮ್ಮವ್ವನ ಬೆಳೆಸಿದೋರೂ ಇಬ್ಬರು ಹೆಂಗಸರೇ, ನಮ್ಮಜ್ಜಿ ಮತ್ತೆ ಅವಳ ವಾರಗಿತ್ತಿ, ಇಬ್ಬರೂ ಗಂಡನ ಕಳಕಂಡೋರು. ಒಬ್ಬಳು ಹೊಲಕ್ಕ, ಒಬ್ಬಳು ಒಲೆ ಮುಂದ. ಅದು ಬೇರೆ ಸಂಬಂಧ ಅಂತೀರಾ? ಬೇರೇನೇ, ಒಪ್ತೀನಿ. ಆದ್ರ ಕೂಸಿಗ ಬೇಕಾದ್ದು ನಡುರಾತ್ರಿ ಜ್ವರ ಬಂದಾಗ ಎದ್ದು ಹಣೆ ಮುಟ್ಟೋ ಕೈ. ಆ ಕೈ ಯಾರನ್ನ ಪ್ರೀತಿಸ್ತದ ಅಂತ ಕೂಸು ಕೇಳಲ್ಲ.

ಸಿನಿಮಾ ಮೇಲೂ ನಂದೊಂದು ತಕರಾರು ಅದ. ಕೊನೇಲಿ ಆ ಸುಳ್ಳು ಮದುವೆಯನ್ನೇ ಉಳಿಸ್ಕಂಡು ಮಗು ತರ್ತಾರ. ಪೂಜೆಗ ಎಲ್ಲರೂ ಕೂರ್ತಾರ, ನೋಡೋಕ ಚಂದಾಗಿದ್ದದ. ಆದ್ರ ದತ್ತಿನ ಕಾಗದದಲ್ಲಿ ರಿಮ್‌ಜಿಮ್ ಇಲ್ಲ. ನಗಿಸಿ ಮನೆಗ ಕಳಿಸೋ ಆತುರದಲ್ಲಿ ಆ ಮುಳ್ಳ ಪೂಜೆ ಹೂವಿನಡಿಗ ಮುಚ್ಚಿಟ್ಟವ್ರ. ಸುಳ್ಳು ಗಂಡನ ಹೆಸರಿಗ ಬೆಲೆ, ನಿಜವಾದ ಅವ್ವನಿಗ ಬೆಲೆ ಇಲ್ಲ. ಇಂಥ ನಿಯಮ ಜನಕ್ಕ ಸುಳ್ಳು ಹೇಳೋದ ಕಲಿಸ್ತದ.

ನಿಯಮ ಬರೆದೋರು ಮನುಷ್ಯರೇ, ತಿದ್ದೋರೂ ಮನುಷ್ಯರೇ. ಕೂಸಿನ ಕಾಗದದಲ್ಲಿ ಇಬ್ಬರು ಅವ್ವಂದಿರ ಹೆಸರಿಗೂ ಜಾಗ ಬಿಡಲಿ. ಅಲ್ಲೀಗಂಟ ನಾವು ಮಾಡಬಹುದಾದ ಕೆಲಸ ಒಂದದ: ಮುಂದಿನ ಆಷಾಢದಲ್ಲಿ ಯಾವ ಹೆಣ್ಣುಮಗಳನ್ನೂ ‘ವಿಶೇಷ ಇಲ್ವಾ?’ ಅಂತ ಕೇಳಬ್ಯಾಡಿ.