ಒಪ್ಪಂದ ಉಲ್ಲಂಘನೆ ಮತ್ತು ಕಾನೂನು ಪರಿಹಾರ: ಗುಂಡ್ಲುಪೇಟೆಯ ಚೆಂಡು ಹೂವಿನ ಒಪ್ಪಂದ ಕೃಷಿ – ಒಂದು ವಿಶ್ಲೇಷಣೆ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಮುಂಗಾರಿನ ಅವಧಿಯಲ್ಲಿ ಚೆಂಡು ಹೂವನ್ನು ವ್ಯಾಪಕವಾಗಿ ಬೆಳೆಯಲಾಗುತ್ತಿದೆ. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಸರಬರಾಜಾಗುವ ಹೂವಿನ ಬೇಸಾಯವು ಬಹುಮಟ್ಟಿಗೆ ಒಪ್ಪಂದವನ್ನು ಆಧರಿಸಿರುತ್ತದೆ. ಕಂಪನಿಯು ಬಿತ್ತನೆ ಬೀಜ ಒದಗಿಸಿ, ಮುಂಚಿತವಾಗಿ ನಿಗದಿಪಡಿಸಿದ ದರದಲ್ಲಿ ಹೂವನ್ನು ಖರೀದಿಸಲು ಒಪ್ಪುವುದು ಇದರ ಸಾಮಾನ್ಯ ಸ್ವರೂಪ. ಕೊಯ್ದ ಹೂವು ಬೇಗನೆ ಕೆಡುವುದರಿಂದ, ಖರೀದಿದಾರರು ಹಿಂದೆ ಸರಿದಲ್ಲಿ ರೈತರಿಗೆ ಕಾಯುವ ಅವಕಾಶವಿರುವುದಿಲ್ಲ. ಆದ್ದರಿಂದ ಲಭ್ಯವಿರುವ ಪರಿಹಾರಗಳನ್ನು ಬಿತ್ತನೆಗೆ ಮೊದಲೇ ಅರಿತಿರುವುದು ಅವಶ್ಯಕ.

ಪ್ರಸ್ತುತ ಕಾನೂನಿನ ಸ್ಥಿತಿ

ಒಪ್ಪಂದ ಕೃಷಿಗೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರವು 2020ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಜಾರಿಗೊಳಿಸಿತ್ತು. ಅದರನ್ವಯ ವಿವಾದಗಳು ಉಪವಿಭಾಗಾಧಿಕಾರಿಗಳ ಮುಂದೆ ಇತ್ಯರ್ಥವಾಗಬೇಕಿದ್ದು, ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ನಿರ್ಬಂಧಿಸಲಾಗಿತ್ತು. 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಅನುಷ್ಠಾನಕ್ಕೆ ತಡೆ ನೀಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಸಂಸತ್ತು ಕಾಯ್ದೆಯನ್ನು ರದ್ದುಪಡಿಸಿತು. ಆದ್ದರಿಂದ ಆ ನಿರ್ಬಂಧವು ಈಗ ಇಲ್ಲ. ಭಾರತೀಯ ಒಪ್ಪಂದ ಕಾಯ್ದೆ, 1872ರ ಅನ್ವಯ ನ್ಯಾಯಾಲಯದ ಮೊರೆ ಹೋಗಬಹುದಾಗಿದೆ.

ನಷ್ಟ ಪರಿಹಾರದ ಲೆಕ್ಕಾಚಾರ

ಕಾಯ್ದೆಯ 73ನೇ ಪ್ರಕರಣದಂತೆ, ಉಲ್ಲಂಘನೆಯಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ದೊರೆಯುತ್ತದೆ. ದೂರಾನ್ವಯದ ನಷ್ಟ ದೊರೆಯುವುದಿಲ್ಲ. ನಷ್ಟವನ್ನು ತಗ್ಗಿಸಲು ಸಾಧ್ಯವಿದ್ದ ಕ್ರಮವನ್ನು ಬಾಧಿತ ಪಕ್ಷಗಾರರು ಕೈಗೊಂಡಿದ್ದರೇ ಎಂಬುದನ್ನೂ ಪರಿಗಣಿಸಲಾಗುತ್ತದೆ. ಅಂದರೆ, ಹೂವನ್ನು ಹೊಲದಲ್ಲಿಯೇ ಕೊಳೆಯಲು ಬಿಟ್ಟು ಪೂರ್ಣ ಮೊತ್ತವನ್ನು ಕೇಳುವುದು ಸೂಕ್ತವಲ್ಲ.

ಉದಾಹರಣೆಗೆ, ಕಿಲೋಗೆ 8 ರೂ. ದರದಲ್ಲಿ 10,000 ಕಿಲೋ ಹೂವಿನ ಒಪ್ಪಂದವಿದ್ದು, ಖರೀದಿದಾರರು ನಿರಾಕರಿಸಿದಾಗ ಬೇರೆಡೆ 5 ರೂ.ಗೆ ಮಾರಿ, ಹೆಚ್ಚುವರಿ ಸಾಗಣೆಗೆ 4,000 ರೂ. ವೆಚ್ಚವಾಗಿದ್ದಲ್ಲಿ, ಕೋರಬಹುದಾದ ಮೊತ್ತ 34,000 ರೂ. ಮಾರಾಟದ ಬಿಲ್ಲು ಮತ್ತು ಸಾಗಣೆ ರಸೀದಿ ಇಲ್ಲದಿದ್ದಲ್ಲಿ ಈ ಲೆಕ್ಕವನ್ನು ರುಜುವಾತುಪಡಿಸುವುದು ಕಷ್ಟ.

ಈ ನಿಯಮವು ರೈತರಿಗೂ ಅನ್ವಯಿಸುತ್ತದೆ. ಓಣಂ ವೇಳೆಗೆ ಕೇರಳದಿಂದ ಬೇಡಿಕೆ ಹೆಚ್ಚಿ, ಒಪ್ಪಂದದ ಹೂವನ್ನು ಹೊರಗೆ ಮಾರಿದಲ್ಲಿ ಅದೂ ಉಲ್ಲಂಘನೆಯೇ ಆಗುತ್ತದೆ. ಆದರೆ ಪತ್ರದಲ್ಲಿ ದಂಡದ ಮೊತ್ತವನ್ನು ನಮೂದಿಸಿದ್ದರೂ, 74ನೇ ಪ್ರಕರಣದಂತೆ ಅದು ಗರಿಷ್ಠ ಮಿತಿ ಮಾತ್ರ; ಆ ಮಿತಿಯೊಳಗೆ ನ್ಯಾಯಾಲಯವು ಸಮಂಜಸ ಪರಿಹಾರವನ್ನು ನಿರ್ಧರಿಸುತ್ತದೆ.

ಪರಿಹಾರ ಮಾರ್ಗಗಳು

1. ಲೋಕ ಅದಾಲತ್: ದಾವೆ ಹೂಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಇಲ್ಲಿ ಉಭಯ ಪಕ್ಷಗಳ ಒಪ್ಪಿಗೆ ಅಗತ್ಯ. ರಾಜಿಯಾದಲ್ಲಿ ಅದಕ್ಕೆ ಸಿವಿಲ್ ಡಿಕ್ರಿಯ ಮಾನ್ಯತೆಯಿದ್ದು, ಮೇಲ್ಮನವಿಗೆ ಅವಕಾಶವಿರುವುದಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರು.

2. ಸಿವಿಲ್ ದಾವೆ: ಒಪ್ಪಂದ ಉಲ್ಲಂಘನೆಯಾದ ದಿನದಿಂದ 3 ವರ್ಷಗಳೊಳಗೆ ಹೂಡಬೇಕು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದಲ್ಲಿ ಎದುರು ಪಕ್ಷದವರ ಕೋರಿಕೆಯ ಮೇಲೆ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕಾಗಬಹುದು.

3. ಜಿಲ್ಲಾ ಗ್ರಾಹಕರ ಆಯೋಗ: ಹಣ ತೆತ್ತು ಪಡೆದ ಬಿತ್ತನೆ ಬೀಜ ದೋಷಪೂರಿತವಾಗಿದ್ದಲ್ಲಿ 2 ವರ್ಷಗಳೊಳಗೆ ದೂರು ನೀಡಬಹುದು. ಬೀಜೋತ್ಪಾದನೆಗಾಗಿ ನಿಗಮದೊಂದಿಗೆ ಒಪ್ಪಂದ ಮಾಡಿಕೊಂಡ ರೈತರೂ ಗ್ರಾಹಕರೇ ಎಂದು, ಮಧ್ಯಸ್ಥಿಕೆಯ ಷರತ್ತು ಇಂತಹ ದೂರಿಗೆ ಅಡ್ಡಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರಲ್ಲಿ ತೀರ್ಪು ನೀಡಿದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಬಾಯಿಮಾತಿನ ಒಪ್ಪಂದವೂ ಸಿಂಧುವಾಗಬಹುದು. ಆದರೆ ಅದನ್ನು ಸಾಬೀತುಪಡಿಸುವ ಹೊಣೆ ಪರಿಹಾರ ಕೋರುವವರ ಮೇಲಿರುತ್ತದೆ. ಆದ್ದರಿಂದ:

ಅ) ದರ, ತೂಕ ಮಾಡುವ ಸ್ಥಳ, ಗುಣಮಟ್ಟ, ಹಣ ಪಾವತಿಯ ದಿನಾಂಕಗಳನ್ನು ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಬರೆಯಿಸಿ, ಸಹಿಯುಳ್ಳ ಒಂದು ಪ್ರತಿಯನ್ನು ರೈತರು ಇಟ್ಟುಕೊಳ್ಳತಕ್ಕದ್ದು.

ಆ) ತೂಕದ ಚೀಟಿ, ಬೀಜದ ರಸೀದಿ, ಪಹಣಿ ಹಾಗೂ ಮೊಬೈಲ್ ಸಂದೇಶಗಳನ್ನು ಕಾಯ್ದಿರಿಸತಕ್ಕದ್ದು.

ಇ) ಖರೀದಿಗೆ ನಿರಾಕರಿಸಿದ ಕೂಡಲೇ ಸ್ಪೀಡ್ ಪೋಸ್ಟ್ ಮೂಲಕ ನೋಟೀಸು ನೀಡಿ, ಹೂವನ್ನು ಬೇರೆಡೆ ಮಾರಾಟ ಮಾಡತಕ್ಕದ್ದು.

ಕಾನೂನು ಪರಿಹಾರವು ಉಲ್ಲಂಘನೆಯ ನಂತರ ದೊರೆಯುವುದಾದರೂ, ಅದರ ಬಲವು ಬಿತ್ತನೆಗೆ ಮೊದಲು ಬರೆಯಿಸಿದ ಪತ್ರವನ್ನು ಮತ್ತು ಕಟಾವಿನ ದಿನ ಪಡೆದ ಚೀಟಿಯನ್ನು ಅವಲಂಬಿಸಿರುತ್ತದೆ.