ಪಶ್ಚಾತ್ತಾಪ ಯಾರ ಕಡೆ ಮುಖ ಮಾಡಬೇಕು?

ವಿಭೂತಿ ಬುಧವಾರ ಹಣೆಗೆ ಬೂದಿ ಇಟ್ಟುಕೊಂಡಲ್ಲಿಂದ ಪಾಸ್ಖ ಹಬ್ಬದವರೆಗಿನ ತಪಸ್ಸುಕಾಲದಲ್ಲಿ ಕ್ರೈಸ್ತರು ಕಳೆದ ಬದುಕನ್ನು ತಿರುಗಿ ನೋಡುತ್ತಾರೆ. ನೋಡಿದ ಮಾತ್ರಕ್ಕೆ ಉಳಿದ ಬದುಕು ತುಂಬಿಕೊಳ್ಳುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಪಶ್ಚಾತ್ತಾಪ ತನ್ನನ್ನೇ ನೋಡಿಕೊಳ್ಳುತ್ತ ಕೂತರೆ ಮನುಷ್ಯನನ್ನು ಒಣಗಿಸುತ್ತದೆ. ನೊಂದವರ ಮನೆ ಹುಡುಕಿಕೊಂಡು ಹೊರಟಾಗಲೇ ಅದಕ್ಕೊಂದು ಅರ್ಥ.

ತನ್ನನ್ನೇ ನೋಡಿಕೊಳ್ಳುವ ಪಶ್ಚಾತ್ತಾಪಕ್ಕೆ ನಮ್ಮ ಮೈಸೂರು ಸೀಮೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಇಲ್ಲಿಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಮತ ಬಿಟ್ಟಿದ್ದ ಕ್ರೈಸ್ತರನ್ನು ಮತ್ತೆ ಸಭೆಗೆ ಕರೆದುಕೊಂಡರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಜನರ ಬಾಯಲ್ಲಿ ದೊಡ್ಡಸ್ವಾಮಿ ಎನ್ನಿಸಿಕೊಂಡರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬು ಮನೆಮನೆ ಬರಿದು ಮಾಡುತ್ತಿದ್ದ ಕಾಲದಲ್ಲಿ, 1803-04ರ ಸುಮಾರಿಗೆ, 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಿಸಿದರು.

ಇಂಥವರು 1823ರಲ್ಲಿ ಫ್ರಾನ್ಸಿಗೆ ಮರಳಿದಾಗ ಹೊತ್ತುಕೊಂಡು ಹೋದದ್ದು ಸೋತೆನೆಂಬ ಭಾವ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ, ಇಷ್ಟು ವರ್ಷ ದುಡಿದು ತಾನು ಕ್ರೈಸ್ತರನ್ನಾಗಿಸಿದ್ದು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿ ಹೆಚ್ಚಿನವರು ಹೊಲೆಯರು, ಭಿಕ್ಷುಕರು, ನಿಜವಾದ ನಂಬಿಕೆಯಿಂದ ಬಂದವರು ಒಬ್ಬರೂ ನೆನಪಾಗುವುದಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಂಡರು.

ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಆ ಪಶ್ಚಾತ್ತಾಪ ಅನ್ಯಾಯದ್ದು. ಹಸಿದು ಬಂದವರನ್ನು ತನ್ನ ಸೋಲಿನ ಲೆಕ್ಕಕ್ಕೆ ಬರೆದುಕೊಂಡ ಪಶ್ಚಾತ್ತಾಪ ಅದು. ಯೇಸುಸ್ವಾಮಿಯ ಹಿಂದೆ ಹೋದ ಜನವೂ ರೊಟ್ಟಿಗಾಗಿ, ರೋಗ ವಾಸಿಗಾಗಿ ಹೋದವರೇ. ಅವರು ಬಂದ ಕಾರಣ ಕೇಳಿ ಯೇಸು ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ದೇವಿ ಹಾಕಿಸಿಕೊಂಡು ಬದುಕಿದ ಕೂಸು, ಸಾತಹಳ್ಳಿಯಲ್ಲಿ ನೇಗಿಲು ಹಿಡಿದ ಒಕ್ಕಲು, ಇವರಾರೂ ದೊಡ್ಡಸ್ವಾಮಿಯ ದುಃಖದ ಪಟ್ಟಿಯೊಳಗೆ ಜಾಗ ಪಡೆಯಲಿಲ್ಲ. ನಾವು ಹಿಂದಿನದನ್ನು ನೆನೆದು ಕೊರಗುವಾಗಲೂ ಹೀಗೇ ಆಗುತ್ತದೆ: ನನ್ನ ಬಾಳು, ನನ್ನ ಕನಸು, ನಾನು ಹಾಳುಮಾಡಿಕೊಂಡದ್ದು. ನನ್ನಿಂದ ನೊಂದವರ ಹೆಸರು ಅಲ್ಲಿ ಬರುವುದೇ ಕಡಿಮೆ.

ಲೂಕನ ಶುಭಸಂದೇಶದ ಜಕ್ಕಾಯನನ್ನು ನೋಡಿ. ಸುಂಕ ವಸೂಲಿಯಲ್ಲಿ ಶ್ರೀಮಂತನಾದವನು ಯೇಸುವಿನ ಮುಂದೆ ಅಳುತ್ತ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸು ಎಂದ. ರಕ್ಷಣೆ ಆ ಮನೆಗೆ ಬಂತೆಂದು ಯೇಸು ಹೇಳಿದ್ದು ಅದನ್ನು ಕೇಳಿದ ಮೇಲೆ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ ಹುಣಸೂರಿನವರೆಗೆ ಹೊಗೆಸೊಪ್ಪು ಬೆಳೆಯುವ ಈ ಕಡೆ ಪಶ್ಚಾತ್ತಾಪಕ್ಕೆ ಹತ್ತಿರದ ವಿಷಯವೆಂದರೆ ಜಮೀನು. ತಂದೆ ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ಮನೆಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಆದರೂ ಅರಿಶಿನ ಕುಂಕುಮಕ್ಕೆಂದು ಅಷ್ಟಿಷ್ಟು ಕೊಟ್ಟು ಅಕ್ಕತಂಗಿಯರ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ನೆರೆಹೊರೆಯ ಎಲ್ಲ ಜಾತಿಗಳಂತೆ ಕ್ರೈಸ್ತರಲ್ಲೂ ಇದೆ. ಹಾಗೆ ಮಾಡಿದವನು ಪ್ರತಿ ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿ, ಮಾಂಸ ಬಿಟ್ಟು, ಶಿಲುಬೆಹಾದಿ ನಡೆದರೂ, ಅಕ್ಕನ ಪಾಲು ಮಾತ್ರ ತನ್ನ ಪಹಣಿಯಲ್ಲೇ ಇದ್ದರೆ, ಆ ದುಃಖವನ್ನು ನಂಬುವುದು ನನಗೆ ಕಷ್ಟ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನಲ್ಲಿ ರಾಜಿಯಾಗಿ ಬಾ ಎಂಬ ಮತ್ತಾಯನ ಮಾತು ಸಹೋದರಿಗೂ ಸಲ್ಲುತ್ತದೆ.

ನಮ್ಮಿಂದ ನೊಂದವರು ಈಗಿಲ್ಲದಿದ್ದರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯೂದನೂ ಪೇತ್ರನೂ ಒಂದೇ ರಾತ್ರಿ ಯೇಸುವಿಗೆ ದ್ರೋಹ ಮಾಡಿದರು, ಇಬ್ಬರೂ ಮರುಗಿದರು. ಯೂದ ಬೆಳ್ಳಿ ನಾಣ್ಯ ಎಸೆದು ಒಬ್ಬನೇ ಹೋಗಿ ಪ್ರಾಣ ಕಳಕೊಂಡ. ಪೇತ್ರ ಉಳಿದ ಶಿಷ್ಯರ ನಡುವೆಯೇ ಇದ್ದ. ಮೂರು ಸಲ ಯೇಸುವನ್ನು ಅರಿಯೆನೆಂದವನಿಗೆ, ಪುನರುತ್ಥಾನದ ನಂತರ ಯೇಸುವಿನಿಂದ ಮೂರು ಸಲ ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಬಂತು, ಪ್ರತಿ ಸಲವೂ ಕುರಿಗಳನ್ನು ನೋಡಿಕೋ ಎಂಬ ಕೆಲಸ ಬಂತು. ಆ ರಾತ್ರಿಯನ್ನು ಅಳಿಸಲು ಅವನಿಂದ ಆಗುತ್ತಿರಲಿಲ್ಲ, ಉಳಿದವರನ್ನು ನೋಡಿಕೊಳ್ಳಲು ಆಗುತ್ತಿತ್ತು. ಹಾಗೆಯೇ, ಅಕ್ಕ ತೀರಿಕೊಂಡಿದ್ದರೆ ಅಕ್ಕನ ಮಕ್ಕಳಿದ್ದಾರೆ. ಅವಳ ಪಾಲನ್ನು ಅವರ ಹೆಸರಿಗೆ ಬರೆಯಲು ಸಬ್‌ರಿಜಿಸ್ಟ್ರಾರ್ ಕಚೇರಿ ಪಿರಿಯಾಪಟ್ಟಣದಲ್ಲೇ ಇದೆ.